ನಾಳೆ ಏನಾಗುತ್ತದೆ ಎಂದು ಇಂದೇ ತಿಳಿಯಬೇಕೆ?

 

ಜ್ಯೋತಿಷ್ಯ ಸುಳ್ಳು ಎಂದು ಹೇಳಿ ಮುಗಿಸುವುದು ನಮಗೆಲ್ಲ ಸುಲಭ. ನಮ್ಮ ಅಧ್ಯಯನ ಬಳಗದಲ್ಲಿ ಅದನ್ನು ಹತ್ತಾರು ಸಲ ಹೇಳಿದ್ದೇವೆ, ಚಪ್ಪಾಳೆಯೂ ಬಿದ್ದಿದೆ. ಇವತ್ತು ಸ್ವಲ್ಪ ಕಷ್ಟದ ಪ್ರಶ್ನೆಯನ್ನು ಮುಂದಿಡುತ್ತೇನೆ. ಸುಳ್ಳು ಹೇಳುವವನನ್ನು ಬಿಡಿ. ನಿಮ್ಮ ಮುಂದಿನ ಬದುಕಿನಲ್ಲಿ ಆಗುವುದನ್ನೆಲ್ಲ ಒಂದಕ್ಷರ ತಪ್ಪಿಲ್ಲದೆ ಹೇಳಬಲ್ಲವನು ಒಬ್ಬ ನಿಜವಾಗಿಯೂ ಇದ್ದಾನೆ, ಒಂದು ಪೈಸೆ ಕೇಳುವುದಿಲ್ಲ, ನಾಳೆ ಬೆಳಿಗ್ಗೆ ನಿಮ್ಮ ಮನೆಗೆ ಬರುತ್ತಾನೆ ಎಂದಿಟ್ಟುಕೊಳ್ಳಿ. ಬಾಗಿಲು ತೆರೆಯುತ್ತೀರಾ?

ಮೊದಲ ಉತ್ತರ ಬಹುತೇಕ ಎಲ್ಲರದೂ "ಹೌದು" ಎಂದೇ. ಮಗನಿಗೆ ಕೆಲಸ ಸಿಗುತ್ತದೆಯೇ, ಸೈಟು ಆಗುತ್ತದೆಯೇ, ಮಗಳಿಗೆ ಎಂಥ ಮನೆ ಸಿಗುತ್ತದೆ, ತಿಳಿದರೆ ಒಳ್ಳೆಯದಲ್ಲವೇ? ಆದರೆ ಅವನು ಅಷ್ಟಕ್ಕೇ ನಿಲ್ಲಿಸುವವನಲ್ಲ. ಗಂಡ ಹೆಂಡತಿಯಲ್ಲಿ ಯಾರು ಮೊದಲು ಹೋಗುತ್ತಾರೆ, ಯಾವ ತಾರೀಕು, ಯಾವ ಕಾಯಿಲೆ, ಕೊನೆಗಾಲದಲ್ಲಿ ಯಾವ ಮಗ ಹತ್ತಿರ ಇರುತ್ತಾನೆ, ಯಾವನು ಫೋನು ಕೂಡ ಎತ್ತುವುದಿಲ್ಲ, ಅದನ್ನೂ ಹೇಳುತ್ತಾನೆ. ಈಗ ಕೇಳಿ ನೋಡಿ. ಹೆಚ್ಚಿನವರು ಸುಮ್ಮನಾಗುತ್ತಾರೆ.

ಇದು ನನ್ನ ಊಹೆಯಲ್ಲ. ಗೆರ್ಡ್ ಗಿಗರೆಂಜರ್ ಎಂಬ ಜರ್ಮನಿಯ ಮನಶ್ಶಾಸ್ತ್ರಜ್ಞರು ತಮ್ಮ ಸಹೋದ್ಯೋಗಿಯೊಬ್ಬರೊಡನೆ ಜರ್ಮನಿ ಮತ್ತು ಸ್ಪೇನ್‌ನಲ್ಲಿ 2,000ಕ್ಕೂ ಹೆಚ್ಚು ಜನರನ್ನು ಇದೇ ರೀತಿ ಕೇಳಿ 2017ರಲ್ಲಿ ಪ್ರಕಟಿಸಿದರು. ಮುಂದೆ ಬರುವ ಕೆಟ್ಟದ್ದನ್ನು, ಅಂದರೆ ಸಾವು, ಸಂಗಾತಿಯ ಸಾವು, ವಿಚ್ಛೇದನ ಇಂಥವನ್ನು, ತಿಳಿಯುವುದು ಬೇಡ ಎಂದವರು ಶೇಕಡಾ 85ರಿಂದ 90. ಒಳ್ಳೆಯದನ್ನೂ ಮೊದಲೇ ತಿಳಿಯುವುದು ಬೇಡ ಎಂದವರು ಶೇಕಡಾ 40ರಿಂದ 70. ಕೇಳಿದ ಎಲ್ಲವನ್ನೂ ತಿಳಿಯಲೇಬೇಕು ಎಂದವರು ಶೇಕಡಾ 1 ಮಾತ್ರ!

ಹಾಗಾದರೆ ನಮ್ಮ ಬೀದಿಯಲ್ಲಿ ಬುಡುಬುಡಿಕೆಯವರು, ಕಣಿ ಹೇಳುವವರು, ಗಿಳಿ ಶಾಸ್ತ್ರದವರು ಇಷ್ಟು ಕಾಲ ಬದುಕಿದ್ದು ಹೇಗೆ? ಬೆಳಿಗ್ಗೆ ಟಿವಿ ಹಾಕಿದರೆ ಎಲ್ಲ ಚಾನೆಲ್‌ಗಳಲ್ಲೂ ರಾಶಿಫಲ ಯಾಕೆ? ನನಗೆ ಕಾಣುವುದು ಇಷ್ಟು: ಅಲ್ಲಿ ಮಾರಾಟವಾಗುವುದು ಸಮಾಧಾನ, ಭವಿಷ್ಯವಲ್ಲ. ಯಾವ ಜ್ಯೋತಿಷಿಯೂ "ನಿನಗೆ ಕೆಟ್ಟದಾಗುತ್ತದೆ, ಏನೂ ಮಾಡಲಾಗದು, ಹೋಗಿ ಬಾ" ಎಂದು ಕಳಿಸುವುದಿಲ್ಲ. ಗಂಡಾಂತರ ಇದೆ ಎನ್ನುತ್ತಾನೆ, ಕೂಡಲೇ ಪರಿಹಾರವೂ ಇದೆ ಎನ್ನುತ್ತಾನೆ. ಭಯವನ್ನೂ ಅವನೇ ಕೊಡುತ್ತಾನೆ, ಮದ್ದನ್ನೂ ಅವನೇ ಮಾರುತ್ತಾನೆ. ಇದಕ್ಕೆ ಸಾಕ್ಷಿ ಬೇಕಿದ್ದರೆ ನಿಮ್ಮ ಸುತ್ತಲೇ ನೋಡಿ. ಜ್ಯೋತಿಷಿಯ ಮುಂದೆ ಅಂಗೈ ಚಾಚುವ ಎಷ್ಟೋ ಮಂದಿ ಲ್ಯಾಬಿನಲ್ಲಿ ಶುಗರ್ ನೋಡಿಸಲು ಬೆರಳು ಚಾಚುವುದಿಲ್ಲ. "ಸುಮ್ನೆ ಯಾಕೆ, ಇಲ್ಲದ ಕಾಯಿಲೆ ಹೇಳ್ತಾರೆ" ಎನ್ನುತ್ತಾರೆ. ಲ್ಯಾಬಿನವರು ಹೇಳುವುದೂ ಭವಿಷ್ಯವೇ ತಾನೆ? ಹತ್ತು ವರ್ಷ ಬಿಟ್ಟು ಕಣ್ಣು, ಮೂತ್ರಪಿಂಡ, ಕಾಲು ಏನಾಗಬಹುದು ಎಂಬ ಭವಿಷ್ಯ. ಆದರೆ ಆ ಭವಿಷ್ಯ ನಮ್ಮಿಂದ ಕೆಲಸ ಕೇಳುತ್ತದೆ. ನಡೆಯಬೇಕು, ಅನ್ನ ಕಡಿಮೆ ಮಾಡಬೇಕು, ಮಾತ್ರೆ ಬಿಡಬಾರದು. ಜ್ಯೋತಿಷಿ ಕೇಳುವುದು ದುಡ್ಡು ಮಾತ್ರ.

ನಿಜವಾದ ಭವಿಷ್ಯ ಒಂದು ಸಣ್ಣ ರಕ್ತ ಪರೀಕ್ಷೆಯಲ್ಲಿ ಸಿಗುವಂತಾದಾಗ ಜನ ಏನು ಮಾಡಿದರು ಎಂಬುದಕ್ಕೆ ಒಂದು ಉದಾಹರಣೆ ಇದೆ. ಹಂಟಿಂಗ್ಟನ್ ಎಂಬ ಕಾಯಿಲೆ. ತಂದೆ ಅಥವಾ ತಾಯಿಗೆ ಅದಿದ್ದರೆ ಪ್ರತಿ ಮಗುವಿಗೂ ಬರುವ ಸಾಧ್ಯತೆ ಅರ್ಧಕ್ಕರ್ಧ. ಸಾಮಾನ್ಯವಾಗಿ ನಡುವಯಸ್ಸಿನಲ್ಲಿ ಶುರುವಾಗಿ ಕೈಕಾಲಿನ ಮೇಲೆ ಹಿಡಿತ ತಪ್ಪುತ್ತದೆ, ಬುದ್ಧಿ ಮಂಕಾಗುತ್ತದೆ. ಗುಣಪಡಿಸುವ ಔಷಧ ಇಲ್ಲ. ಅಮೆರಿಕದ ನ್ಯಾನ್ಸಿ ವೆಕ್ಸ್ಲರ್ ಎಂಬ ವಿಜ್ಞಾನಿಯ ತಾಯಿ ಈ ಕಾಯಿಲೆಯಿಂದಲೇ ತೀರಿಕೊಂಡರು. ವೆಕ್ಸ್ಲರ್ ವೆನೆಜುವೆಲಾದ ಮರಕೈಬೊ ಸರೋವರದ ದಂಡೆಯ ಹಳ್ಳಿಗಳಲ್ಲಿ ಈ ಕಾಯಿಲೆಯ ದೊಡ್ಡ ಕುಟುಂಬಗಳನ್ನು ವರ್ಷಗಟ್ಟಲೆ ಅಧ್ಯಯನ ಮಾಡಿದರು. ಅದರ ಬಲದಿಂದ 1983ರಲ್ಲಿ ಜೀನ್ ಇರುವ ಜಾಗ ತಿಳಿಯಿತು, 1993ರಲ್ಲಿ ಜೀನೇ ಸಿಕ್ಕಿತು. ಪರೀಕ್ಷೆ ಬರುವ ಮೊದಲು ಕೇಳಿದಾಗ ಅಂಥ ಕುಟುಂಬಗಳ ಬಹಳಷ್ಟು ಜನ "ಬಂದರೆ ಮಾಡಿಸಿಕೊಳ್ಳುತ್ತೇವೆ" ಎಂದಿದ್ದರು. ಬಂದ ಮೇಲೆ ಮಾಡಿಸಿಕೊಂಡವರು ಅದಕ್ಕಿಂತ ತುಂಬಾ ಕಡಿಮೆ. ತಾನೇ ದುಡಿದು ತಂದ ಆ ಪರೀಕ್ಷೆಯನ್ನು ತಾನು ಮಾಡಿಸಿಕೊಂಡೆನೋ ಇಲ್ಲವೋ ಎಂಬುದನ್ನು ವೆಕ್ಸ್ಲರ್ ದಶಕಗಳ ಕಾಲ ಯಾರಿಗೂ ಹೇಳಲಿಲ್ಲ. ತನಗೂ ಆ ಕಾಯಿಲೆ ಇದೆ ಎಂದು ಅವರು ಬಹಿರಂಗವಾಗಿ ಹೇಳಿದ್ದು 2020ರಲ್ಲಿ. ಅಷ್ಟು ವರ್ಷವೂ ಅವರು ಕೆಲಸ ನಿಲ್ಲಿಸಿರಲಿಲ್ಲ.

ಪರೀಕ್ಷೆ ಮಾಡಿಸದವರನ್ನು ಹೇಡಿಗಳು ಎನ್ನಬಹುದೇ? ನಾನು ಅನ್ನಲಾರೆ. ನಮ್ಮ ಮನೆಯಲ್ಲೇ ಇದಕ್ಕೆ ಎರಡು ಉತ್ತರ ನೋಡಿದ್ದೇನೆ.

ಅಪ್ಪನಿಗೆ ಹೊಟ್ಟೆಯ ಕ್ಯಾನ್ಸರ್ ಎಂದು ತಿಳಿದಾಗ ಡಾಕ್ಟರು ನನ್ನನ್ನೂ ಅಣ್ಣನನ್ನೂ ಹೊರಗೆ ಕರೆದು ಐದಾರು ತಿಂಗಳು ಎಂದರು. ನಂಟರೆಲ್ಲ ಒಂದೇ ಮಾತು: ಅವರಿಗೆ ಹೇಳಬೇಡಿ, ಕೊರಗಿಯೇ ಹೋಗಿಬಿಡುತ್ತಾರೆ. ನಾವು ಏನು ಮಾಡುವುದೆಂದು ಯೋಚಿಸುತ್ತಿರುವಾಗಲೇ ಅಪ್ಪ ಡಾಕ್ಟರನ್ನು ನೇರವಾಗಿ ಕೇಳಿದರು. "ಮುಚ್ಚುಮರೆ ಬ್ಯಾಡ ಸಾರ್. ಎಷ್ಟು ದಿನ ಅಂತ ಹೇಳ್ಬುಡಿ. ನಂಗೆ ವಸಿ ಕೆಲ್ಸ ಅವೆ." ಹೇಳಿದರು. ಅಪ್ಪನ ಕೆಲಸಗಳು ದೊಡ್ಡವೇನಲ್ಲ. ತಾತನ ಹೆಸರಿನಲ್ಲೇ ಉಳಿದಿದ್ದ ಒಂದೂವರೆ ಎಕರೆಗೆ ಪೌತಿ ಖಾತೆ ಮಾಡಿಸಿದರು. ಒಬ್ಬರಿಂದ ಪಡೆದ ಕೈಸಾಲವನ್ನು ತೀರಿಸಿದರು. ಮಾತು ಬಿಟ್ಟಿದ್ದ ಚಿಕ್ಕಪ್ಪನ ಮನೆಗೆ ತಾವೇ ಹೋಗಿ ಕಾಫಿ ಕುಡಿದು ಬಂದರು. ತಿಥಿ, ಪಿಂಡ ಏನೂ ಕೂಡದು, ಆರನೆಯ ಪ್ರತಿಜ್ಞೆ ನೆನಪಿರಲಿ, ಮಣ್ಣು ಮಾಡುವಾಗ ತ್ರಿಸರಣ ಪಂಚಶೀಲ ಹೇಳಿದರೆ ಸಾಕು ಎಂದು ನಮ್ಮಿಬ್ಬರ ಕೈಲೂ ಮಾತು ತೆಗೆದುಕೊಂಡರು. ಅಷ್ಟಾದ ಮೇಲೆ ಎಷ್ಟು ದಿನ ಉಳಿಯಿತು ಎಂದು ಅವರು ಒಮ್ಮೆಯೂ ಲೆಕ್ಕ ಹಾಕಿದ್ದನ್ನು ನಾನು ಕಾಣಲಿಲ್ಲ.

ಅವ್ವ ಮಾತ್ರ ಮೊದಲ ದಿನವೇ "ನಂಗೇನೂ ಹೇಳ್ಬ್ಯಾಡಿ" ಎಂದುಬಿಟ್ಟಳು. ಅವಳಿಗೆ ತಿಳಿಯದೆ ಏನೂ ಇರಲಿಲ್ಲ. ಗಂಜಿಯ ನೀರು ದಿನದಿನಕ್ಕೆ ತೆಳುವಾಗುತ್ತಿದ್ದದ್ದು ಅವಳ ಕೈಯಲ್ಲೇ. ಆದರೂ ತಿಂಗಳ ಲೆಕ್ಕ ಅವಳಿಗೆ ಬೇಡವಾಗಿತ್ತು. ಇವತ್ತಿನ ಗಂಜಿ ಕಾಯಿಸಲು ಅದು ಅಡ್ಡ ಬರುತ್ತದೆ ಎಂದು ಅವಳಿಗೆ ಅನ್ನಿಸಿರಬೇಕು. ಅಪ್ಪನದು ಸರಿ, ಅವ್ವನದು ತಪ್ಪು ಎಂದು ಹೇಳಲು ನನಗೆ ಮನಸ್ಸಿಲ್ಲ. ಹೇಳಬೇಕೋ ಬೇಡವೋ ಎಂಬುದನ್ನು ಕೇಳುವವರೇ ತೀರ್ಮಾನಿಸಬೇಕು. ನಂಟರು ತೀರ್ಮಾನಿಸುವುದಲ್ಲ. ಕಿಸಾಗೋತಮಿ ಸತ್ತ ಮಗುವನ್ನು ಎತ್ತಿಕೊಂಡು ಬಂದಾಗ ಬುದ್ಧರು "ಮಗು ಸತ್ತಿದೆ ತಾಯಿ" ಎಂದು ನೇರವಾಗಿ ಹೇಳಲಿಲ್ಲ. ಸುಳ್ಳೂ ಹೇಳಲಿಲ್ಲ. ಸಾವಿಲ್ಲದ ಮನೆಯಿಂದ ಸಾಸಿವೆ ತಾ ಎಂದರು. ಅವಳು ಮನೆಮನೆ ಸುತ್ತಿ, ತನಗೆ ಎಷ್ಟು ಹೊತ್ತು ಬೇಕೋ ಅಷ್ಟು ಹೊತ್ತು ತೆಗೆದುಕೊಂಡು, ತಾನೇ ತಿಳಿದಳು.

ಮೊದಲೇ ತಿಳಿಯುವುದನ್ನು ಕಾನೂನೇ ನಿಷೇಧಿಸಿದ ಒಂದು ಸಂಗತಿಯೂ ನಮ್ಮ ದೇಶದಲ್ಲಿದೆ. ಹೊಟ್ಟೆಯಲ್ಲಿರುವ ಮಗು ಗಂಡೋ ಹೆಣ್ಣೋ ಎಂದು ಹೇಳುವಂತಿಲ್ಲ, 1994ರ ಕಾಯ್ದೆ. ಯಂತ್ರ ಹೇಳುವುದು ನಿಜವೇ. ಆ ನಿಜ ತಿಳಿದವರು ಏನು ಮಾಡಿದರು ಎಂಬುದಕ್ಕಾಗಿ ನಿಷೇಧ ಬಂತು. ಆದ್ದರಿಂದ "ನಿಜವಾದರೆ ತಿಳಿಯಲಿ ಬಿಡಿ" ಎಂಬಷ್ಟಕ್ಕೇ ಈ ಪ್ರಶ್ನೆ ಮುಗಿಯುವುದಿಲ್ಲ.

ಇನ್ನು ನಮ್ಮ ವಿಷಯಕ್ಕೆ ಬರುತ್ತೇನೆ. ಬೇರೆಯವರಿಗೆ ಭವಿಷ್ಯ ಎಂಬುದು ಕುತೂಹಲದ ಮಾತು ಇರಬಹುದು. ನಮಗೆ ಹಾಗಲ್ಲ. ನಮ್ಮ ತಾತ ಮುತ್ತಾತಂದಿರ ಭವಿಷ್ಯವನ್ನು ಹುಟ್ಟಿದ ಗಳಿಗೆಯಲ್ಲೇ ಹೇಳಿಬಿಟ್ಟಿದ್ದರು. ಅದಕ್ಕೆ ಪಂಚಾಂಗ ಬೇಕಿರಲಿಲ್ಲ, ಯಾವ ಕೇರಿಯಲ್ಲಿ ಹುಟ್ಟಿತು ಎಂಬುದು ಸಾಕಿತ್ತು. ಯಾವ ಬಾವಿಯ ನೀರು, ಯಾರ ಮನೆಯ ಜೀತ, ಯಾವ ಕಡೆಯ ಮಸಣ, ಎಲ್ಲ ಮೊದಲೇ ಗೊತ್ತು. ಜಗತ್ತಿನಲ್ಲಿ ಇಷ್ಟು ಕರಾರುವಾಕ್ಕಾದ ಭವಿಷ್ಯವಾಣಿ ಇನ್ನೊಂದು ಇರಲಾರದು. ಅದು ನಿಜವಾಗುತ್ತಲೂ ಇತ್ತು. ಯಾಕೆಂದರೆ ಅದು ನಿಜವಾಗುವಂತೆ ನೋಡಿಕೊಳ್ಳಲು ಇಡೀ ಊರು ಕಾವಲು ನಿಂತಿತ್ತು. ಸಾತಾರದ ಶಾಲೆಯಲ್ಲಿ ಮನೆಯಿಂದ ತಂದ ಗೋಣಿತಟ್ಟಿನ ಮೇಲೆ ಬೇರೆಯಾಗಿ ಕೂರುತ್ತಿದ್ದ ಹುಡುಗ ಭೀಮನ ಭವಿಷ್ಯವನ್ನು ಆ ಊರಿನವರನ್ನು ಕೇಳಿದ್ದರೆ ಏನು ಹೇಳುತ್ತಿದ್ದರು? ಹೆಚ್ಚೆಂದರೆ ಅಪ್ಪನಂತೆ ಸೈನ್ಯದಲ್ಲಿ ಒಂದು ಕೆಲಸ ಎನ್ನುತ್ತಿದ್ದರೇನೋ.

ಹಣೆಬರಹ ಎನ್ನುವ ಮಾತು ನಮ್ಮ ಬಾಯಿಗೆ ಬಂದದ್ದು ಹೀಗೆ. ಹೊಟ್ಟೆಗಿಲ್ಲದಿದ್ದರೆ ಹಣೆಬರಹ, ಮಗು ಸತ್ತರೆ ಹಣೆಬರಹ, ಗೌಡ ಹೊಡೆದರೂ ಹಣೆಬರಹ. ಬರೆದವನು ಯಾರು, ಯಾವ ಲೇಖನಿಯಲ್ಲಿ ಬರೆದ ಎಂದು ಕೇಳುವುದಕ್ಕೆ ಬಾಬಾಸಾಹೇಬರು ಬರಬೇಕಾಯಿತು.

ಇಷ್ಟಾದ ಮೇಲೂ ಈಗ ನಮ್ಮಲ್ಲಿ ನಡೆಯುತ್ತಿರುವುದನ್ನು ಹೇಳದಿದ್ದರೆ ಈ ಬರಹಕ್ಕೆ ಅರ್ಥವಿಲ್ಲ. ಓದಿ, ಕೆಲಸ ಹಿಡಿದು, ಗೋಡೆಯ ಮೇಲೆ ಬುದ್ಧರ ಮತ್ತು ಬಾಬಾಸಾಹೇಬರ ಫೋಟೋ ಹಾಕಿದ ಮನೆಗಳಲ್ಲೇ ಸಂಬಂಧ ನೋಡುವಾಗ "ಜಾತಕ ಕಳಿಸಿ" ಎನ್ನುತ್ತಾರೆ. ಹೋದ ತಲೆಮಾರಿನಲ್ಲಿ ನಮ್ಮ ಎಷ್ಟು ಜನರಿಗೆ ಹುಟ್ಟಿದ ತಾರೀಕು ಗೊತ್ತಿತ್ತು? ಮೇಷ್ಟ್ರು ಶಾಲೆಗೆ ಸೇರಿಸುವಾಗ ಜೂನ್ 1 ಎಂದು ಬರೆದುಕೊಂಡರು. ನಮ್ಮ ಅರ್ಧ ಕೇರಿಯ ಹುಟ್ಟುಹಬ್ಬ ಒಂದೇ ದಿನ. ಆ ಜೂನ್ 1ಕ್ಕೆ ಯಾವ ನಕ್ಷತ್ರ, ಯಾವ ರಾಶಿ? ನಗು ಬರುವ ಮಾತು. ಆದರೆ ಕುಜದೋಷ ಎಂದು ಹೇಳಿ ನಮ್ಮವರೇ ಬಿಟ್ಟುಹೋದ ಹೆಣ್ಣುಮಗಳ ಮುಂದೆ ಕೂತು ನೋಡಿ, ನಗು ಬರುವುದಿಲ್ಲ. ಹುಟ್ಟಿದ ಜಾಗ ನೋಡಿ ಹಣೆಬರಹ ಹೇಳಿದವರಿಗೂ, ಹುಟ್ಟಿದ ಗಳಿಗೆ ನೋಡಿ ಅವಳ ಹಣೆಬರಹ ಹೇಳಿದವರಿಗೂ ಏನು ವ್ಯತ್ಯಾಸ?

ಬೌದ್ಧ ಸಾಹಿತ್ಯದಲ್ಲೂ ಜಾತಕ ಇದೆ, ಅದು ಕಥೆ. ಅದರಲ್ಲಿ 49ನೆಯದು ನಕ್ಷತ್ರದ ಕಥೆಯೇ. ಪಟ್ಟಣದವರು ಹಳ್ಳಿಯ ಹೆಣ್ಣಿಗೆ ಮದುವೆಯ ದಿನ ಗೊತ್ತುಮಾಡುತ್ತಾರೆ. ಆಮೇಲೆ ತಮ್ಮ ಮನೆಗೆ ಬರುವ ಆಜೀವಕ ಸನ್ಯಾಸಿಯನ್ನು ನಕ್ಷತ್ರ ಹೇಗಿದೆ ಎಂದು ಕೇಳುತ್ತಾರೆ. ತನ್ನನ್ನು ಮೊದಲೇ ಕೇಳಲಿಲ್ಲ ಎಂಬ ಸಿಟ್ಟಿಗೆ ಅವನು ಇವತ್ತು ಚೆನ್ನಾಗಿಲ್ಲ ಎನ್ನುತ್ತಾನೆ. ಇವರು ಹೋಗುವುದಿಲ್ಲ. ಅಡುಗೆ ಮಾಡಿಕೊಂಡು ಕಾದ ಹಳ್ಳಿಯವರು ಹೆಣ್ಣನ್ನು ಬೇರೆ ಹುಡುಗನಿಗೆ ಕೊಟ್ಟುಬಿಡುತ್ತಾರೆ. ಮರುದಿನ ಒಳ್ಳೆಯ ನಕ್ಷತ್ರದಲ್ಲಿ ಪಟ್ಟಣದವರು ಬಂದರೆ ಅಲ್ಲಿ ಸಿಕ್ಕಿದ್ದು ಜಗಳ ಮಾತ್ರ.

ಬುದ್ಧರು ಸುಳ್ಳು ಜ್ಯೋತಿಷಿಗಳನ್ನಷ್ಟೇ ಬೇಡ ಎಂದವರಲ್ಲ. ಬ್ರಹ್ಮಜಾಲ ಸುತ್ತದಲ್ಲಿ ಭಿಕ್ಖುಗಳು ಮಾಡಬಾರದ ಕೆಲಸಗಳ ಉದ್ದನೆಯ ಪಟ್ಟಿ ಇದೆ. ಅಂಗೈ ನೋಡುವುದು, ಕನಸಿನ ಫಲ ಹೇಳುವುದು, ಮುಹೂರ್ತ ಇಡುವುದು, ಯುದ್ಧದಲ್ಲಿ ಯಾರು ಗೆಲ್ಲುತ್ತಾರೆ ಎಂದು ಹೇಳುವುದು ಎಲ್ಲ ಅದರಲ್ಲಿ ಬರುತ್ತವೆ. ಅಂಗುತ್ತರ ನಿಕಾಯದಲ್ಲಿ ಅವರು ಇನ್ನೂ ಬುಡಕ್ಕೆ ಹೋಗುತ್ತಾರೆ. ಮನುಷ್ಯ ಅನುಭವಿಸುವುದೆಲ್ಲ ಹಿಂದಿನ ಕರ್ಮದಿಂದ ಎನ್ನುವವರು, ಎಲ್ಲ ಈಶ್ವರನ ಸೃಷ್ಟಿ ಎನ್ನುವವರು, ಎಲ್ಲ ಕಾರಣವಿಲ್ಲದೆ ಆಗುತ್ತದೆ ಎನ್ನುವವರು, ಈ ಮೂವರನ್ನೂ ಅವರು ಒಂದೇ ಕಡೆ ನಿಲ್ಲಿಸುತ್ತಾರೆ. ಮೂರನ್ನೂ ನಂಬಿದರೆ ಕೊನೆಗೆ ಬರುವುದು ಒಂದೇ ಕಡೆಗೆ: ಇದನ್ನು ಮಾಡಬೇಕು, ಇದನ್ನು ಮಾಡಬಾರದು ಎಂಬ ಹುಮ್ಮಸ್ಸೇ ಸತ್ತುಹೋಗುತ್ತದೆ. ಅವರ ಕಾಲದ ಮಕ್ಖಲಿ ಗೋಸಾಲ ಎಲ್ಲ ನಿಯತಿ, ದಾರದ ಉಂಡೆ ಬಿಚ್ಚುತ್ತಾ ಹೋದಂತೆ, ನಿನ್ನ ಪ್ರಯತ್ನದಿಂದ ಏನೂ ಆಗದು ಎನ್ನುತ್ತಿದ್ದ. ಅವನ ಮತವನ್ನು ಬುದ್ಧರು ಎಲ್ಲಕ್ಕಿಂತ ಕೀಳೆಂದು ಕರೆದರು. ಬಾಬಾಸಾಹೇಬರು 'ಬುದ್ಧ ಮತ್ತು ಆತನ ಧಮ್ಮ'ದಲ್ಲಿ ಹಿಂದಿನ ಜನ್ಮದ ಕರ್ಮದಿಂದ ಈ ಜನ್ಮದ ಸ್ಥಿತಿ ಎಂಬ ಮಾತನ್ನು ಅಷ್ಟು ಬಲವಾಗಿ ತಳ್ಳಿಹಾಕಿದ್ದು ಈ ದಾರಿಯಲ್ಲೇ.

ಇಲ್ಲಿ ಯಾರಾದರೂ ಕೇಳಬಹುದು, ಸಿದ್ಧಾರ್ಥ ಹುಟ್ಟಿದಾಗ ಅಸಿತ ಋಷಿ ಭವಿಷ್ಯ ಹೇಳಲಿಲ್ಲವೇ? ಹೇಳಿದ, ಬಾಬಾಸಾಹೇಬರ ಪುಸ್ತಕದಲ್ಲೂ ಆ ಪ್ರಸಂಗ ಇದೆ. ಆದರೆ ಅದನ್ನು ಕೇಳಿಸಿಕೊಂಡ ಶುದ್ಧೋದನ ಮಗನನ್ನು ಅರಮನೆಯ ಸುಖದಲ್ಲಿ ಕಟ್ಟಿಹಾಕಲು ನೋಡಿದ. ಅದರಿಂದ ಏನೂ ತಪ್ಪಲಿಲ್ಲ. ಸಿದ್ಧಾರ್ಥ ಮನೆ ಬಿಟ್ಟದ್ದು ಭವಿಷ್ಯವಾಣಿಯ ಕಾರಣಕ್ಕಲ್ಲ, ರೋಹಿಣಿ ನದಿಯ ನೀರಿಗಾಗಿ ಶಾಕ್ಯರೂ ಕೋಲಿಯರೂ ಯುದ್ಧಕ್ಕೆ ನಿಂತಾಗ ತಾನು ಯುದ್ಧಕ್ಕೆ ಒಪ್ಪದ ಕಾರಣಕ್ಕೆ ಎಂದು ಬಾಬಾಸಾಹೇಬರು ಬರೆದರು.

ನನಗೆ ಎಲ್ಲಕ್ಕಿಂತ ಮುಖ್ಯ ಎನಿಸುವುದು ಮಹಾಪರಿನಿಬ್ಬಾಣ ಸುತ್ತದ ಆರಂಭ. ಮಗಧದ ಅಜಾತಶತ್ರುವಿಗೆ ವಜ್ಜಿಗಳ ಮೇಲೆ ದಂಡೆತ್ತಿ ಹೋಗುವ ಆಸೆ. ಬುದ್ಧರು ಏನು ಹೇಳುತ್ತಾರೋ ಕೇಳಿ ಬಾ ಎಂದು ಮಂತ್ರಿ ವಸ್ಸಕಾರನನ್ನು ರಾಜಗೃಹದ ಗೃಧ್ರಕೂಟಕ್ಕೆ ಕಳಿಸುತ್ತಾನೆ. ಬೇರೆ ಯಾರಾದರೂ ಆಗಿದ್ದರೆ "ಗೆಲ್ಲುತ್ತೀರಿ" ಅಥವಾ "ಸೋಲುತ್ತೀರಿ" ಎನ್ನುತ್ತಿದ್ದರು. ಬುದ್ಧರು ಮಂತ್ರಿಯ ಕಡೆ ನೋಡದೆ ಪಕ್ಕದಲ್ಲಿ ಬೀಸಣಿಗೆ ಬೀಸುತ್ತಿದ್ದ ಆನಂದನನ್ನು ಏಳು ಪ್ರಶ್ನೆ ಕೇಳುತ್ತಾರೆ. ವಜ್ಜಿಗಳು ಆಗಾಗ ಸಭೆ ಸೇರುತ್ತಾರಾ? ಒಗ್ಗಟ್ಟಿನಿಂದ ಸೇರಿ ಒಗ್ಗಟ್ಟಿನಿಂದ ಏಳುತ್ತಾರಾ? ತಾವು ಮಾಡಿಕೊಂಡ ಕಟ್ಟುಪಾಡಿನಂತೆ ನಡೆಯುತ್ತಾರಾ? ಹಿರಿಯರ ಮಾತು ಕೇಳುತ್ತಾರಾ? ಹೆಣ್ಣುಮಕ್ಕಳನ್ನು ಬಲಾತ್ಕಾರವಾಗಿ ಹೊತ್ತೊಯ್ಯುವುದಿಲ್ಲ ತಾನೆ? ಹೀಗೆ ಏಳು. ಆನಂದ ಪ್ರತಿಯೊಂದಕ್ಕೂ ಹೌದು, ಹಾಗೆಯೇ ನಡೆಯುತ್ತಾರೆ ಎನ್ನುತ್ತಾನೆ. ಇವು ಇರುವವರೆಗೆ ವಜ್ಜಿಗಳಿಗೆ ಏಳಿಗೆಯೇ ಹೊರತು ಹಾನಿ ಇಲ್ಲ ಎಂದು ಬುದ್ಧರು ಮುಗಿಸುತ್ತಾರೆ.

"ಇರುವವರೆಗೆ" ಎಂಬ ಆ ಒಂದು ಮಾತನ್ನು ಗಮನಿಸಿ. ಆಗುವುದನ್ನು ಅವರು ಹೇಳಲಿಲ್ಲ, ಯಾವುದು ಇದ್ದರೆ ಯಾವುದು ಆಗುತ್ತದೆ ಎಂದು ಹೇಳಿದರು. ಪಟಿಚ್ಚಸಮುಪ್ಪಾದವನ್ನು ನಾವು ಹನ್ನೆರಡು ಕೊಂಡಿಗಳೆಂದು ಬಾಯಿಪಾಠ ಮಾಡುತ್ತೇವೆ. ಇಲ್ಲಿ ಅದು ಒಂದು ನಾಡಿನ ರಾಜಕೀಯವಾಗಿ ಕಣ್ಣಮುಂದಿದೆ. ಇಂಥ ತಿಳಿವು ಎರಡು ಬದಿಗೂ ಹರಿತ. ವಸ್ಸಕಾರ ಬುದ್ಧಿವಂತ. ವಜ್ಜಿಗಳನ್ನು ಯುದ್ಧದಲ್ಲಿ ಗೆಲ್ಲಲಾಗದು, ಒಡಕಿನಿಂದ ಮಾತ್ರ ಸಾಧ್ಯ ಎಂದು ಅಲ್ಲೇ ಹೇಳಿ ಹೊರಡುತ್ತಾನೆ. ಅಟ್ಠಕಥೆಯ ಪ್ರಕಾರ ಅವನು ರಾಜನೊಡನೆ ಜಗಳವಾದಂತೆ ನಟಿಸಿ ವಜ್ಜಿಗಳ ನಡುವೆ ಸೇರಿಕೊಂಡ. ಮೂರು ವರ್ಷ ಇವನ ಕಿವಿಯಲ್ಲಿ ಒಂದು, ಅವನ ಕಿವಿಯಲ್ಲಿ ಒಂದು ಊದಿದ. ಕೊನೆಗೆ ಸಭೆಯ ನಗಾರಿ ಬಾರಿಸಿದರೆ ಯಾರೂ ಬರಲಿಲ್ಲ. ಅಜಾತಶತ್ರು ತೆರೆದ ಬಾಗಿಲಿನಿಂದ ಒಳಗೆ ಬಂದ. ವಜ್ಜಿಗಳ ಸೋಲು ಯಾವ ನಕ್ಷತ್ರದಲ್ಲೂ ಬರೆದಿರಲಿಲ್ಲ.

ನಮ್ಮ ಸಂಘಟನೆಗಳು ಎಷ್ಟು ಬಣಗಳಾಗಿವೆ ಎಂದು ನಾನು ಹೇಳಬೇಕಾಗಿಲ್ಲ. ಮುಂದಿನ 20 ವರ್ಷದಲ್ಲಿ ನಮ್ಮ ಸಮುದಾಯ ಏನಾಗುತ್ತದೆ ಎಂದು ಚಿಂತಿಸಿ ನಿದ್ದೆಗೆಡುವ ಗೆಳೆಯರು ನನಗಿದ್ದಾರೆ. ಅವರಿಗೆ ನಾನು ಹೇಳುವುದು, ಆ ಏಳು ಪ್ರಶ್ನೆಗಳಲ್ಲಿ ಮೊದಲ ಎರಡನ್ನು ನಮ್ಮ ವಿಹಾರದ ಕಮಿಟಿಗೇ ಹಾಕಿ ನೋಡೋಣ. ಅದಕ್ಕೆ ಸಿಗುವ ಉತ್ತರಕ್ಕಿಂತ ಹೆಚ್ಚಿನ ಭವಿಷ್ಯ ಯಾರೂ ಹೇಳಲಾರರು. ಮನೆಯ ಮಟ್ಟಿಗೆ ಸಿಗಾಲೋವಾದ ಸುತ್ತ ಇದೆ. ದುಡಿದದ್ದನ್ನು ನಾಲ್ಕು ಪಾಲು ಮಾಡಿ ಒಂದು ಪಾಲನ್ನು ಕಷ್ಟಕಾಲಕ್ಕೆ ಎತ್ತಿಡು ಎಂದು ಬುದ್ಧರು ಆ ಗೃಹಸ್ಥ ಹುಡುಗನಿಗೆ ಹೇಳಿದರು. ಕಷ್ಟ ಯಾವಾಗ ಬರುತ್ತದೆ ಎಂದು ಹೇಳಲಿಲ್ಲ. ಅದು ತಿಳಿಯದೆಯೂ ಎತ್ತಿಡಬಹುದು.

ಬಾಬಾಸಾಹೇಬರೂ ತಮ್ಮ ಭವಿಷ್ಯದ ಬಗ್ಗೆ ಒಂದು ಮಾತು ಹೇಳಿದ್ದರು. 1935ರ ಅಕ್ಟೋಬರ್ 13ರಂದು ಯೇವಲಾದಲ್ಲಿ, ತಾನು ಹಿಂದೂವಾಗಿ ಹುಟ್ಟಿದ್ದು ತನ್ನ ಕೈಯಲ್ಲಿರಲಿಲ್ಲ, ಹಿಂದೂವಾಗಿ ಸಾಯುವುದಿಲ್ಲ ಎಂದರು. ಅದು ಭವಿಷ್ಯವಾಣಿ ಆಗಿರಲಿಲ್ಲ, ಪ್ರತಿಜ್ಞೆ ಆಗಿತ್ತು. ಆ ಮಾತು ನಡೆಯಲು 21 ವರ್ಷ ಹಿಡಿಯಿತು. 1956ರ ಅಕ್ಟೋಬರ್ 14ರಂದು ನಾಗಪುರದಲ್ಲಿ ಲಕ್ಷಾಂತರ ಜನರೊಡನೆ ದೀಕ್ಷೆ ಪಡೆದಾಗ ಅವರಿಗೆ ಉಳಿದಿದ್ದದ್ದು 53 ದಿನ. ಸಕ್ಕರೆ ಕಾಯಿಲೆ, ಕಾಲು ನೋವು, ಆಸರೆಯಿಲ್ಲದೆ ನಿಲ್ಲಲೂ ಕಷ್ಟ. ದೇಹ ಸೋಲುತ್ತಿದೆ ಎಂದು ಅವರಿಗೆ ಗೊತ್ತಿತ್ತು, ದಿನ ಗೊತ್ತಿರಲಿಲ್ಲ. ನವೆಂಬರ್‌ನಲ್ಲಿ ಕಠ್ಮಂಡುವಿನ ಬೌದ್ಧ ಸಮ್ಮೇಳನಕ್ಕೆ ಹೋಗಿ ಮಾತಾಡಿ ಬಂದರು. ಡಿಸೆಂಬರ್ 16ರಂದು ಮುಂಬೈಯಲ್ಲಿ ಇನ್ನೊಂದು ದೀಕ್ಷಾ ಸಮಾರಂಭ ಎಂದು ಗೊತ್ತುಮಾಡಿಕೊಂಡಿದ್ದರು. ಡಿಸೆಂಬರ್ 5ರ ರಾತ್ರಿ ದೆಹಲಿಯ ಮನೆಯಲ್ಲಿ 'ಬುದ್ಧ ಮತ್ತು ಆತನ ಧಮ್ಮ'ದ ಮುನ್ನುಡಿಯ ಹಾಳೆಗಳನ್ನು ಮೇಜಿನ ಮೇಲೆ ಇಡಿಸಿಕೊಂಡರು. ಬೆಳಿಗ್ಗೆ ಅವರು ಏಳಲಿಲ್ಲ.

ಡಿಸೆಂಬರ್ 7ರಂದು ಮುಂಬೈಯಲ್ಲಿ ಅವರ ಅಂತ್ಯಕ್ರಿಯೆ ಆಯಿತು. ದೀಕ್ಷೆಗೆಂದು 16ನೇ ತಾರೀಕಿಗೆ ಕಾದಿದ್ದ ಜನ ಆ ದಿನದವರೆಗೆ ಕಾಯಲಿಲ್ಲ. ಅಲ್ಲೇ, ಅವರ ಚಿತೆಯ ಎದುರಿನಲ್ಲೇ, ಸಾವಿರ ಸಾವಿರ ಮಂದಿ ದೀಕ್ಷೆ ತೆಗೆದುಕೊಂಡರು.

ಈ ಭಾನುವಾರ ವಂದನೆಯ ನಂತರ ವಸ್ಸಕಾರನ ಪ್ರಸಂಗವನ್ನು ಪೂರ್ತಿ ಓದೋಣ, ಏಳೂ ಪ್ರಶ್ನೆಗಳನ್ನು ಬರೆದುಕೊಂಡು ಬನ್ನಿ. ಜೈಭೀಮ್.